ಕಡಲು ಹೂಳಲು ಹೊರಟ ಹಕ್ಕಿ

ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯದಲ್ಲಿ ಫಾಜಿಯು ಎಂಬ ಬೆಟ್ಟವಿದೆ. ಅಲ್ಲಿನ ಕಾಡಿನಲ್ಲಿ ವಾಸಿಸುವ ಒಂದು ಹಕ್ಕಿಯ ಚಹರೆಯನ್ನು ‘ಶಾನ್‌ಹಾಯ್ ಜಿಂಗ್’ ಎಂಬ ಪ್ರಾಚೀನ ಗ್ರಂಥ ವಿವರವಾಗಿ ಕೊಡುತ್ತದೆ. ಕಾಗೆಯಂಥ ಮೈಕಟ್ಟು, ಚಿತ್ತಾರದ ತಲೆ, ಬಿಳಿ ಕೊಕ್ಕು, ಕೆಂಪು ಕಾಲು. ಕೂಗಿದರೆ ತನ್ನ ಹೆಸರನ್ನೇ ಕೂಗುತ್ತದೆ. ಜಿಂಗ್‌ವೇ ಅದರ ಹೆಸರು. ಪುರಾಣಕಾಲದ ದೊರೆ ಯಾನ್‌ದಿಯ ಕಿರಿಮಗಳು ನ್ಯೂವಾ ಮೂಡಣ ಕಡಲಿಗೆ ಆಡಲು ಹೋದವಳು ಮುಳುಗಿ ಸತ್ತಳು, ಸತ್ತು ಈ ಹಕ್ಕಿಯಾದಳು. ಪಡುವಣ ಬೆಟ್ಟದ ಕಡ್ಡಿ, ಕಲ್ಲುಗಳನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಕಡಲಿಗೆ ಹಾಕುತ್ತಲೇ ಇದ್ದಾಳೆ. ಆ ಕಡಲನ್ನು ಹೂಳಿಬಿಡಬೇಕೆಂಬುದು ಅವಳ ಹಟ.

ಇಷ್ಟೇ ಕಥೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಆರಂಭವಾಗಿ ಹಾನ್ ರಾಜವಂಶದ ಕಾಲದವರೆಗೂ ಬೆಳೆದ ‘ಶಾನ್‌ಹಾಯ್ ಜಿಂಗ್’ನ ಮುಖ್ಯ ಕೆಲಸ ಬೆಟ್ಟಗಳನ್ನು, ನದಿಗಳನ್ನು ಒಂದೊಂದಾಗಿ ದಾಖಲಿಸುವುದು: ಎಲ್ಲಿಂದ ಎಲ್ಲಿಗೆ ಎಷ್ಟು ದೂರ, ಎಲ್ಲಿ ಯಾವ ಅದಿರು, ಯಾವ ಗಿಡ, ಯಾವ ಮೃಗ. ಹಕ್ಕಿಯ ಕಥೆ ಹೇಳಿ ಮುಗಿಸಿದ ಉಸಿರಿನಲ್ಲೇ ಗ್ರಂಥ ಝಾಂಗ್ ನದಿ ಅಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ ಎಂದು ಮುಂದೆ ಸಾಗುತ್ತದೆ. ಅಯ್ಯೋ ಎನ್ನುವುದಿಲ್ಲ, ಶಹಬ್ಬಾಸ್ ಎನ್ನುವುದೂ ಇಲ್ಲ.

ಕಡಲಿನ ಮೇಲೆ ಸಿಟ್ಟಾದ ಹಕ್ಕಿ ನಮ್ಮ ಓದುಗರಿಗೂ ಗೊತ್ತು. ಪಂಚತಂತ್ರದಲ್ಲಿ ಮೊಟ್ಟೆ ಕಳೆದುಕೊಂಡ ಟಿಟ್ಟಿಭ ಕಡಲನ್ನೇ ಬತ್ತಿಸಲು ಹೊರಡುತ್ತದೆ. ಅದರ ಪರವಾಗಿ ಗರುಡ ವಿಷ್ಣುವಿನ ಬಳಿ ಅಹವಾಲು ಹೇಳುತ್ತಾನೆ, ಬೆದರಿದ ಕಡಲು ಮೊಟ್ಟೆಗಳನ್ನು ಮರಳಿಸುತ್ತದೆ. ಜಿಂಗ್‌ವೇಯ ನೆರವಿಗೆ ಯಾವ ದೇವರೂ ಬರುವುದಿಲ್ಲ. ಅವಳ ಅಪ್ಪನೂ ಬರುವುದಿಲ್ಲ. ಅವಳ ಕಥೆ ಅಷ್ಟು ದೀರ್ಘಕಾಲ ಬಾಳಿದ್ದಕ್ಕೆ ಮೂಲ ಇಲ್ಲೇ ಇದೆ. ಮುಗಿಯದ ಜಗಳವಾದ್ದರಿಂದ, ಸೋತು ಕುಳಿತ ಪ್ರತಿ ತಲೆಮಾರಿಗೂ ಅದರಲ್ಲಿ ಜಾಗವಿತ್ತು.

ಆರನೆಯ ಶತಮಾನದ ಹೊತ್ತಿಗೆ ಜನ ಅವಳಿಗೆ ಸಂಸಾರವನ್ನೂ ಕಟ್ಟಿಕೊಟ್ಟಿದ್ದರು. ರೆನ್ ಫಾಂಗ್‌ನ ಹೆಸರಿನಲ್ಲಿರುವ ‘ಶುಯೀ ಜಿ’ ಎಂಬ ಅಚ್ಚರಿಗಳ ಸಂಗ್ರಹದಲ್ಲಿ ಅವಳು ಕಡಲ ಕವಲುತೋಕೆಯ ಹಕ್ಕಿಯೊಂದನ್ನು ಕೂಡುತ್ತಾಳೆ. ಹೆಣ್ಣುಮರಿಗಳು ತಾಯಿಯಂತೆ, ಗಂಡುಮರಿಗಳು ತಂದೆಯಂತೆ ಹುಟ್ಟುತ್ತವೆ. ತಾನು ಮುಳುಗಿದ ಕಡಲಿನ ನೀರು ಕುಡಿಯುವುದಿಲ್ಲವೆಂದು ಅವಳು ಶಪಥ ಮಾಡಿದ್ದಾಳೆಂಬ ಮಾತೂ ಅಲ್ಲಿದೆ. ಆಣೆಯ ಹಕ್ಕಿ, ಅನ್ಯಾಯಕ್ಕೊಳಗಾದ ಹಕ್ಕಿ ಎಂಬ ಅಡ್ಡಹೆಸರುಗಳು ಅವಳಿಗೆ ಆಗಲೇ ಅಂಟಿದ್ದವು.

ಆದರೆ ಅವಳನ್ನು ಕಾವ್ಯಕ್ಕೆ ತಂದು ಗಟ್ಟಿಯಾಗಿ ನಿಲ್ಲಿಸಿದವನು ತಾವ್ ಯುವಾನ್‌ಮಿಂಗ್ (365–427). 405ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಊರಿಗೆ ಮರಳಿದ ಈ ಕವಿಯನ್ನು ಸೇವಂತಿಗೆ, ಮದ್ಯ, ಹೊಲಗದ್ದೆಗಳ ಶಾಂತ ಕವಿಯೆಂದೇ ಜನ ನೆನೆಯುತ್ತಾರೆ. ‘ಶಾನ್‌ಹಾಯ್ ಜಿಂಗ್’ ಓದುತ್ತಾ ಅವನು 13 ಕವಿತೆ ಬರೆದ. ಹತ್ತನೆಯದರಲ್ಲಿ ಜಿಂಗ್‌ವೇಯ ಪಕ್ಕಕ್ಕೆ ಶಿಂಗ್‌ತಿಯಾನ್‌ನನ್ನು ಕರೆತಂದ. ದೇವರಾಜನೊಂದಿಗೆ ಕಾದಾಡಿ ತಲೆ ಕಳೆದುಕೊಂಡ ಮೇಲೂ ಎದೆಯ ತೊಟ್ಟುಗಳನ್ನೇ ಕಣ್ಣಾಗಿ, ಹೊಕ್ಕುಳನ್ನೇ ಬಾಯಾಗಿ ಮಾಡಿಕೊಂಡು ಗುರಾಣಿ, ಕೊಡಲಿ ಬೀಸಿದ ದೈತ್ಯ ಅವನು. ಕಾಗೆ ಗಾತ್ರದ ಹಕ್ಕಿಯೂ ರುಂಡವಿಲ್ಲದ ದೈತ್ಯನೂ ಒಂದೇ ಪಂಕ್ತಿಯಲ್ಲಿ ಕೂತದ್ದು ಅಲ್ಲಿಂದ. ತಾವ್ ಸದಾ ತಣ್ಣಗಿದ್ದ ಕವಿಯೆಂಬ ಮಾತನ್ನು ಅಲ್ಲಗಳೆಯಲು 1930ರ ದಶಕದಲ್ಲಿ ಲೇಖಕ ಲು ಶುನ್ ಎತ್ತಿ ತೋರಿಸಿದ್ದು ಈ ಕವಿತೆಯನ್ನೇ.

1644ರಲ್ಲಿ ಮಿಂಗ್ ರಾಜವಂಶದ ರಾಜಧಾನಿ ಬಿತ್ತು. ಮರುವರ್ಷ, ಉತ್ತರದಿಂದ ಬಂದು ಹೊಸ ದೊರೆಗಳಾದ ಮಂಚುಗಳ ಸೈನ್ಯ ದಕ್ಷಿಣಕ್ಕೆ ಇಳಿದಾಗ ವಿದ್ವಾಂಸ ಗು ಯಾನ್‌ವುವಿನ ಸಾಕುತಾಯಿ ಅನ್ನ ಬಿಟ್ಟು ಪ್ರಾಣ ತೊರೆದಳು. ಬೇರೆ ರಾಜವಂಶದ ಚಾಕರಿ ಮಾಡಬೇಡ ಎಂಬುದು ಮಗನಿಗೆ ಅವಳ ಕಡೆಯ ಮಾತು. ಕೆಲವೇ ವರ್ಷಗಳಲ್ಲಿ ಗು ‘ಜಿಂಗ್‌ವೇ’ ಎಂಬ ಕವಿತೆ ಬರೆದ. ಅದು ಸಂವಾದದ ರೂಪದಲ್ಲಿದೆ: ಒಬ್ಬ ಕೇಳುತ್ತಾನೆ, ಇಷ್ಟು ಪುಟ್ಟ ಜೀವಕ್ಕೆ ಇಂಥ ವ್ಯರ್ಥ ದುಡಿಮೆ ಏಕೆ? ಕಡಲು ಮಟ್ಟಸವಾಗುವ ತನಕ ನನ್ನ ಮನಸ್ಸು ನಿಲ್ಲದು ಎನ್ನುತ್ತದೆ ಹಕ್ಕಿ. ಕೊನೆಯಲ್ಲಿ ಕವಿ ಬೇರೆ ಹಕ್ಕಿಗಳ ಕಡೆ ತಿರುಗುತ್ತಾನೆ. ಅವೂ ಕಡ್ಡಿ ಹೊರುತ್ತಿವೆ, ಆದರೆ ತಮ್ಮ ತಮ್ಮ ಗೂಡಿಗೆ. ಹೊಸ ದೊರೆಗಳ ಅಡಿ ಹುದ್ದೆ ಹಿಡಿದ ಗೆಳೆಯರಿಗೆ ಆ ಮಾತು ಎಲ್ಲಿ ತಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಗು ಮಾತ್ರ 1682ರಲ್ಲಿ ಸಾಯುವ ತನಕ ತಾಯಿಯ ಮಾತು ಮೀರಲಿಲ್ಲ. ಪ್ರಾಣಿಗಳ ಮೇಲೆ ಪುಸ್ತಕ ಹೇರಿಕೊಂಡು ಉತ್ತರ ಚೀನಾ ಸುತ್ತಿದ, ಮಂಚು ಆಸ್ಥಾನದ ಕರೆಯನ್ನು ನಿರಾಕರಿಸಿದ.

ಕವಿಗಳೆಲ್ಲ ಗಂಡಸರು, ಹಕ್ಕಿಯಾದದ್ದು ಹುಡುಗಿ. ಇದನ್ನು ಪೂರ್ತಿ ಎದೆಗೆ ಹಚ್ಚಿಕೊಂಡವಳು ಕ್ರಾಂತಿಕಾರಿ ಚಿಯು ಜಿನ್. ಅಂದಿನ ಚೀನೀ ಹೆಂಗಸರ ರೂಢಿಯಂತೆ ಬಿಗಿದು ಕಟ್ಟಿದ ಪಾದಗಳನ್ನು ಬಿಚ್ಚಿ, ಗಂಡ ಮಕ್ಕಳನ್ನು ಬಿಟ್ಟು 1904ರಲ್ಲಿ ಓದಲು ಜಪಾನಿಗೆ ಹೋದವಳು. ಅವಳು ‘ಜಿಂಗ್‌ವೇಯ ಕಲ್ಲುಗಳು’ ಎಂಬ ಕಥನವನ್ನು ತಾನ್‌ಸಿ ಪ್ರಕಾರದಲ್ಲಿ ಬರೆಯತೊಡಗಿದಳು. ತಂತಿವಾದ್ಯದ ಜೊತೆ ಹಾಡಿ ಹೇಳುವ ಈ ಪ್ರಕಾರ ಹೆಂಗಸರ ನಡುವೆ ಜನಪ್ರಿಯವಾಗಿತ್ತು. ಪಾಂಡಿತ್ಯದ ಭಾಷೆ ಬಾರದವರಿಗೂ ತಲುಪಬೇಕೆಂಬುದು ಅವಳ ಆಸೆ. ಮನೆಯ ಬಂಧನ ಮುರಿದು ಓದಲು ಹೊರಡುವ ತರುಣಿಯರು ಅದರ ನಾಯಕಿಯರು. 20 ಅಧ್ಯಾಯಗಳ ಯೋಜನೆಯಿತ್ತು, ಆರನೆಯದರ ಆಚೆಗೆ ಏನೂ ಉಳಿದಿಲ್ಲ. 1907ರ ಜುಲೈ 15ರಂದು ಶಾವೋಶಿಂಗ್‌ನಲ್ಲಿ ಮಂಚು ಆಳ್ವಿಕೆಯ ವಿರುದ್ಧ ದಂಗೆಯ ಆರೋಪದ ಮೇಲೆ ಅವಳ ತಲೆ ಕಡಿದರು.

ಅದೇ ವರ್ಷಗಳಲ್ಲಿ ಟೋಕಿಯೊದಲ್ಲಿ ವಾಂಗ್ ಝಾವೋಮಿಂಗ್ ಎಂಬ ತರುಣ ಕ್ರಾಂತಿಕಾರಿ ಪತ್ರಿಕೆಗೆ ಬರೆಯಲು ಜಿಂಗ್‌ವೇ ಎಂಬ ಹೆಸರನ್ನೇ ಇಟ್ಟುಕೊಂಡ. 1910ರಲ್ಲಿ ಬೀಜಿಂಗ್‌ನಲ್ಲಿ ರಾಜಪ್ರತಿನಿಧಿಯ ಮೇಲೆ ಬಾಂಬ್ ಹಾಕುವ ಸಂಚು ಬಯಲಾಗಿ ಸೆರೆಯಾದ. ಸೆರೆಮನೆಯಲ್ಲಿ ಬರೆದ ಪದ್ಯಗಳಲ್ಲೂ ಕಲ್ಲು ಕಚ್ಚಿದ ಹಕ್ಕಿ ಬರುತ್ತದೆ. 30 ವರ್ಷಗಳ ಬಳಿಕ ಅದೇ ವಾಂಗ್ ಜಿಂಗ್‌ವೇ ಆಕ್ರಮಣಕಾರ ಜಪಾನಿನ ನೆರಳಲ್ಲಿ ನಾನ್‌ಜಿಂಗ್ ಸರ್ಕಾರದ ಮುಖ್ಯಸ್ಥನಾದ. 1944ರಲ್ಲಿ ಜಪಾನಿನ ನಗೋಯಾದಲ್ಲಿ ಸತ್ತ. 1946ರಲ್ಲಿ ಚೀನೀ ಸೈನ್ಯ ಅವನ ಗೋರಿಯನ್ನು ಸಿಡಿಸಿ ನೆಲಸಮ ಮಾಡಿತು. ಇಂದು ಆ ಹೆಸರು ಕೇಳಿದೊಡನೆ ಚೀನೀಯರ ಮನಸ್ಸಿಗೆ ದ್ರೋಹಿಯೂ ಬರುತ್ತಾನೆ, ಹಕ್ಕಿಯೂ ಬರುತ್ತದೆ.

ಈಗ ಚೀನಾದ ನಾಲ್ಕನೆಯ ತರಗತಿಯ ಮಕ್ಕಳು ಈ ಕಥೆಯನ್ನು ಹಳೆಯ ಭಾಷೆಯಲ್ಲೇ ಓದುತ್ತಾರೆ. ಪಾಠ ರಾಜಕುಮಾರಿಯಿಂದ ಶುರುವಾಗುತ್ತದೆ. ಬಿಳಿ ಕೊಕ್ಕು, ಕೆಂಪು ಕಾಲುಗಳ ವರ್ಣನೆಯನ್ನು ಬಿಟ್ಟಿದ್ದಾರೆ. ಜಿಂಗ್‌ವೇ ಕಡಲು ಹೂಳಿದಂತೆ ಎಂಬ ನುಡಿಗಟ್ಟು ಮಾತಿನಲ್ಲಿ ಹೆಚ್ಚಾಗಿ ಛಲಕ್ಕೆ, ಎಡೆಬಿಡದ ದುಡಿಮೆಗೆ ಸಲ್ಲುತ್ತದೆ. ಛಲವೇನೋ ಅದರಲ್ಲಿ ಇದೆ. ಆದರೆ ತಾವ್, ಗು, ಚಿಯು ಜಿನ್ ಮೂವರೂ ಆ ಹಕ್ಕಿಯಲ್ಲಿ ಮೊದಲು ಕಂಡದ್ದು ಸಿಟ್ಟನ್ನು, ತನ್ನನ್ನು ಕೊಂದ ಕಡಲಿನೊಡನೆ ರಾಜಿಯಾಗಲಾರದ ಹುಡುಗಿಯನ್ನು. ಗುವಿನ ಕವಿತೆಯನ್ನೂ ಚಿಯು ಜಿನ್‌ಳ ಅರ್ಧಕ್ಕೆ ನಿಂತ ಕಥನವನ್ನೂ ಆ ಪಾಠದ ಜೊತೆಗಿಟ್ಟು ಓದಿಸಿದರೆ ಮಕ್ಕಳಿಗೆ ಇಡೀ ಹಕ್ಕಿ ಸಿಕ್ಕೀತು.