ಇಳಕಲ್ಲ ಸೀರೆಯ ಕೊಂಡಿ

ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಾಶೈರಿನ ನೂಲೂ ಬಟ್ಟೆಯೂ ಭರತಖಂಡದ ಪೇಟೆಗಳನ್ನು ತುಂಬಿದಾಗ ಮೊದಲು ನಿಂತುದು ರಾಟೆ. ಮಗ್ಗವು ನಡೆದೇ ಇದ್ದಿತು. ಹುನಗುಂದದ ನೆರೆಯ ಇಳಕಲ್ಲಿನ ನೇಕಾರರು ಗಿರಣಿಯ ನೂಲನ್ನೂ ಮುಂದೆ ಕೃತಕ ರೇಷ್ಮೆಯನ್ನೂ ಕೈಕೊಂಡರು. ನೇಯ್ಗೆಯ ಕ್ರಮವನ್ನು ಮಾತ್ರ ಬಿಡಲಿಲ್ಲ. ಇಲ್ಲಿ ಒಡಲಿನ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸುವರು. ಆದುದರಿಂದ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಸಿದ್ಧವಾಗಬೇಕು. ಒಂದೇ ಹಾಸಿನಲ್ಲಿ ಅನೇಕ ಸೀರೆ ನೇಯುವ ಯಂತ್ರಕ್ಕೆ ಇದು ಒಗ್ಗದ ಕೆಲಸ. ಸ್ವದೇಶಿ ವ್ರತಕ್ಕಿಂತ ಈ ಕೊಂಡಿಯೇ ಮಗ್ಗವನ್ನು ಹೆಚ್ಚು ಕಾಯ್ದಿತೆಂದರೆ ಅತಿಶಯೋಕ್ತಿಯಾಗದು. ಆ ಸೆರಗನ್ನೇ ಬೇಡಿದ ಹೆಂಗಸರ ಪಾಲೂ ಅದರಲ್ಲಿ ಸಣ್ಣದಲ್ಲ. 1985ರ ಕೈಮಗ್ಗ ಮೀಸಲಾತಿಯ ಕಾಯಿದೆಯಿದ್ದರೂ, ಸೆರಗಿನ ರೂಪವನ್ನಷ್ಟೇ ಅನುಕರಿಸಿದ ವಿದ್ಯುನ್ಮಗ್ಗದ ಸೀರೆ ಇಂದು ಅದೇ ಹೆಸರಿನಿಂದ ಮಾರಾಟವಾಗುತ್ತಿದೆ. ಸೆರಗು ಒಡಲನ್ನು ಕೂಡುವೆಡೆಯನ್ನು ಮಗುಚಿ ನೋಡಿದರೆ ಕೊಂಡಿ ಉಂಟೋ ಇಲ್ಲವೋ ತಿಳಿಯುತ್ತದೆ.