ಹುಳುಕು ಹಲ್ಲಿನ ಸಂರಕ್ಷಣೆ: ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್)

ಹಲ್ಲಿನ ಹುಳುಕು ಒಳಗಿನ ನರದವರೆಗೆ ತಲುಪಿದಾಗ, ಹಲ್ಲನ್ನು ಕೀಳದೆ ಉಳಿಸಿಕೊಳ್ಳಲು ಕೈಗೊಳ್ಳುವ ಚಿಕಿತ್ಸೆಯೇ ಬೇರುನಾಳ ಚಿಕಿತ್ಸೆ. ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲ್ಲೂಕುಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಲ್ಲಿನ ಗಟ್ಟಿ ಪದರಗಳ ಒಳಗೆ ರಕ್ತನಾಳ ಮತ್ತು ನರಗಳಿಂದ ಕೂಡಿದ ತಿರುಳು ಇರುತ್ತದೆ. ಬಾಯಿಯಲ್ಲಿ ಉಳಿದ ಸಿಹಿ ಹಾಗೂ ಹಿಟ್ಟಿನ ಅಂಶವನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುವುದರಿಂದ ಹುಳುಕು ಉಂಟಾಗುತ್ತದೆ. ಹಲ್ಲಿನಲ್ಲಿ ಹುಳವೇನೂ ಇರುವುದಿಲ್ಲ. ಹುಳುಕು ಮೇಲ್ಪದರದಲ್ಲಿದ್ದರೆ ಸಿಮೆಂಟ್ ತುಂಬಿಸಿದರೆ ಸಾಕು. ಬಿಸಿ ಅಥವಾ ತಣ್ಣನೆಯ ಪದಾರ್ಥ ಸೇವಿಸಿದ ಮೇಲೆ ಬಹಳ ಹೊತ್ತು ಉಳಿಯುವ ನೋವು ಮತ್ತು ರಾತ್ರಿ ಮಲಗಿದಾಗ ಹೆಚ್ಚುವ ನೋವು ತಿರುಳಿಗೆ ತೊಂದರೆಯಾಗಿರುವ ಲಕ್ಷಣಗಳು.

ಕೆಲವು ದಿನಗಳ ನಂತರ ಈ ನೋವು ತಾನಾಗಿಯೇ ನಿಲ್ಲುವುದುಂಟು. ಇದನ್ನು ಗುಣವೆಂದು ಭಾವಿಸಬಾರದು. ತಿರುಳು ಸತ್ತಿರುವುದರಿಂದ ನೋವು ನಿಂತಿರುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುತ್ತಿರುತ್ತದೆ. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲದ ಕಾರಣ ಔಷಧ ಅಂಗಡಿಯಿಂದ ತಂದ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ. ಲವಂಗದ ಎಣ್ಣೆಯಿಂದ ದೊರೆಯುವುದು ತಾತ್ಕಾಲಿಕ ಶಮನವಷ್ಟೆ.

ಚಿಕಿತ್ಸೆಯಲ್ಲಿ ಮೊದಲು ಎಕ್ಸ್-ರೇ ತೆಗೆದು, ಚುಚ್ಚುಮದ್ದಿನಿಂದ ಆ ಭಾಗವನ್ನು ಮರಗಟ್ಟಿಸಲಾಗುತ್ತದೆ. ಬಳಿಕ ಹಲ್ಲಿನ ಮೇಲ್ಭಾಗದಲ್ಲಿ ರಂಧ್ರ ಮಾಡಿ, ಕೆಟ್ಟ ತಿರುಳನ್ನು ಸೂಜಿಯಂತಹ ಸಣ್ಣ ಅರಗಳಿಂದ ತೆಗೆದು, ನಾಳಗಳನ್ನು ಸೋಂಕುನಿವಾರಕ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಎಂಬ ರಬ್ಬರಿನಂತಹ ವಸ್ತುವಿನಿಂದ ಮುಚ್ಚಲಾಗುತ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು. ಆದ್ದರಿಂದ ಕೆಲವರು ಎರಡು ಮೂರು ಬಾರಿ ಬರಬೇಕಾಗುತ್ತದೆ. ದಿನಗೂಲಿ ಬಿಟ್ಟು ದೂರದ ಊರಿನಿಂದ ಬರುವವರಿಗೆ ಇದು ಕಷ್ಟವೇ ಸರಿ. ಆದರೂ ನಡುವೆ ಬಿಟ್ಟ ಹಲ್ಲಿನಲ್ಲಿ ತಾತ್ಕಾಲಿಕ ಸಿಮೆಂಟ್ ಸವೆದು ಸೋಂಕು ಮರುಕಳಿಸುತ್ತದೆ. ಎಷ್ಟು ಭೇಟಿ ಬೇಕೆಂಬುದನ್ನು ಮೊದಲ ದಿನವೇ ವೈದ್ಯರಿಂದ ಕೇಳಿ ತಿಳಿಯುವುದು ಉತ್ತಮ. ಚಿಕಿತ್ಸೆಯಾದ ದವಡೆ ಹಲ್ಲು ಗಟ್ಟಿ ರೊಟ್ಟಿ, ಹುರಿಗಡಲೆ ಕಡಿಯುವಾಗ ಸೀಳಬಹುದಾದ್ದರಿಂದ ಅದಕ್ಕೆ ಟೋಪಿ (ಕ್ಯಾಪ್) ಹಾಕಿಸಿಕೊಳ್ಳತಕ್ಕದ್ದು.

ಬೇರು ಉದ್ದಕ್ಕೆ ಸೀಳಿದ್ದಲ್ಲಿ ಅಥವಾ ಹಲ್ಲು ತೀರಾ ಸಡಿಲವಾಗಿದ್ದಲ್ಲಿ ಕೀಳುವುದು ಅನಿವಾರ್ಯ. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಹುನಗುಂದ, ಇಳಕಲ್ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದೆ. ಬಾಲ್ಯದಲ್ಲಿ ಅಂತಹ ನೀರು ಕುಡಿದವರ ಹಲ್ಲಿನ ಮೇಲಿನ ಕಂದು ಕಲೆಗಳು ಹುಳುಕಲ್ಲ. ಕಲೆಗಾಗಿ ಬೇರುನಾಳ ಚಿಕಿತ್ಸೆಯ ಅಗತ್ಯವಿಲ್ಲ.

ಸಾರ್ವಜನಿಕರು ಮೊದಲು ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಂಡು, ಈ ಚಿಕಿತ್ಸೆ ಅಲ್ಲಿಯೇ ಲಭ್ಯವಿದೆಯೇ ಎಂದು ವಿಚಾರಿಸಬಹುದು. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವೂ ಇದೆ. ದಂತಭಾಗ್ಯ ಯೋಜನೆಯು ಹಲ್ಲು ಕಳೆದುಕೊಂಡ ಬಡ ಹಿರಿಯ ನಾಗರಿಕರಿಗೆ ಕೃತಕ ದಂತಪಂಕ್ತಿ ನೀಡಲು ರೂಪಿತವಾದದ್ದೇ ಹೊರತು ಬೇರುನಾಳ ಚಿಕಿತ್ಸೆಗಲ್ಲ.

ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಹಾಗೂ ಗರ್ಭಿಣಿಯರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಮುಖ ಅಥವಾ ಕತ್ತಿನ ಊತದೊಂದಿಗೆ ಜ್ವರ, ನುಂಗಲು ಅಥವಾ ಉಸಿರಾಡಲು ತೊಂದರೆ ಕಂಡುಬಂದಲ್ಲಿ ಸರದಿಗೆ ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ತೆರಳಬೇಕು ಅಥವಾ 108ಕ್ಕೆ ಕರೆ ಮಾಡಬೇಕು.