ಲಾಸ್ ವೇಗಸ್ ಹಂತಕ ಸ್ಟೀಫನ್ ಪ್ಯಾಡಾಕ್: ಯಾರೀತ, ಏನು ಮಾಡಿದ?

2017ರ ಅಕ್ಟೋಬರ್ 1, ಭಾನುವಾರ. ರಾತ್ರಿ 10 ಗಂಟೆ 5 ನಿಮಿಷ. ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಸ್‌ನಲ್ಲಿ ‘ರೂಟ್ 91 ಹಾರ್ವೆಸ್ಟ್’ ಅನ್ನೋ ಮೂರು ದಿನದ ಸಂಗೀತ ಜಾತ್ರೆಯ ಕೊನೇ ಕಾರ್ಯಕ್ರಮ ನಡೀತಿತ್ತು. ವೇದಿಕೆ ಮೇಲೆ ಗಾಯಕ ಜೇಸನ್ ಆಲ್ಡೀನ್. ಎದುರಿಗೆ ಬಯಲಲ್ಲಿ ಸುಮಾರು 22 ಸಾವಿರ ಜನ. ಪಟಪಟ ಸದ್ದು ಕೇಳಿದಾಗ ಬಹಳ ಮಂದಿ ಪಟಾಕಿ ಅಂದುಕೊಂಡರು.

ರಸ್ತೆಯ ಆಚೆ ಬದಿಯಲ್ಲಿದ್ದ ಮ್ಯಾಂಡಲೇ ಬೇ ಹೋಟೆಲಿನ 32ನೇ ಮಹಡಿಯ ಕಿಟಕಿ ಗಾಜು ಒಡೆದು 64 ವರ್ಷದ ಸ್ಟೀಫನ್ ಪ್ಯಾಡಾಕ್ ಜನರ ಮೇಲೆ ಗುಂಡು ಹಾರಿಸುತ್ತಿದ್ದ. ಹತ್ತು ನಿಮಿಷ ನಡೆದದ್ದು ಅಷ್ಟೇ. ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿತ್ತು. ಮೊದಲ ಲೆಕ್ಕದಲ್ಲಿ ಸತ್ತವರು 58. ಗಾಯಗೊಂಡಿದ್ದ ಇಬ್ಬರು ಮಹಿಳೆಯರು 2019 ಮತ್ತು 2020ರಲ್ಲಿ ತೀರಿಕೊಂಡರು, ಅವರನ್ನೂ ಸೇರಿಸಿ ಈಗ ಅಧಿಕೃತ ಸಂಖ್ಯೆ 60. ಗುಂಡು ತಗುಲಿ ಬದುಕಿದವರು 400ಕ್ಕೂ ಹೆಚ್ಚು. ನೂಕುನುಗ್ಗಲಲ್ಲಿ ಬಿದ್ದವರು, ತುಳಿತಕ್ಕೆ ಸಿಕ್ಕವರು ಎಲ್ಲ ಸೇರಿದರೆ ಗಾಯಾಳುಗಳು 850 ದಾಟುತ್ತಾರೆ. ಅಮೆರಿಕದ ಈಗಿನ ಕಾಲದ ಇತಿಹಾಸದಲ್ಲಿ ಒಬ್ಬನೇ ಮನುಷ್ಯ ನಡೆಸಿದ ಅತಿ ದೊಡ್ಡ ಗುಂಡಿನ ದಾಳಿ ಇದು. ಅದಕ್ಕೂ ಮುಂಚೆ 2016ರ ಆರ್ಲ್ಯಾಂಡೊ ದಾಳಿಯಲ್ಲಿ 49 ಜನ ಸತ್ತಿದ್ದರು.

ಆ ರಾತ್ರಿ ಆಂಬುಲೆನ್ಸ್‌ಗಳು ಸಾಲಲಿಲ್ಲ. ಜನ ಸಿಕ್ಕ ಸಿಕ್ಕ ಪಿಕಪ್ ಗಾಡಿಯಲ್ಲಿ, ಬಾಡಿಗೆ ಕಾರಲ್ಲಿ ಗಾಯಾಳುಗಳನ್ನು ಹೇರಿಕೊಂಡು ಓಡಿದರು. ಸನ್‌ರೈಸ್ ಅನ್ನೋ ಒಂದೇ ಆಸ್ಪತ್ರೆಗೆ 200ರ ಹತ್ತಿರ ಮಂದಿ ಬಂದರು. ರಜೆಯಲ್ಲಿ ಹಾಡು ಕೇಳಲು ಬಂದಿದ್ದ ನರ್ಸ್‌ಗಳು, ಪೊಲೀಸರು ಬಯಲಲ್ಲೇ ಕೂತು ರಕ್ತ ನಿಲ್ಲಿಸುವ ಕೆಲಸ ಮಾಡಿದರು.

ಅಪ್ಪ ಬ್ಯಾಂಕ್ ದರೋಡೆಕೋರ

ಪ್ಯಾಡಾಕ್ ಹುಟ್ಟಿದ್ದು 1953ರ ಏಪ್ರಿಲ್ 9ರಂದು, ಅಯೋವಾ ರಾಜ್ಯದಲ್ಲಿ. ನಾಲ್ಕು ಜನ ಗಂಡು ಮಕ್ಕಳಲ್ಲಿ ಇವನೇ ಹಿರಿಯ. ಅಪ್ಪ ಬೆಂಜಮಿನ್ ಪ್ಯಾಡಾಕ್ ಬ್ಯಾಂಕ್ ದೋಚುವವನು. ಮಗನಿಗೆ ಏಳು ವರ್ಷ ಇದ್ದಾಗ, 1960ರಲ್ಲಿ, ಅಪ್ಪ ಸಿಕ್ಕಿಬಿದ್ದ. 20 ವರ್ಷ ಶಿಕ್ಷೆ ಆಯಿತು. 1968ರ ಕೊನೇ ದಿನ ಟೆಕ್ಸಾಸ್‌ನ ಜೈಲಿನಿಂದ ಪರಾರಿಯಾದ. ಎಫ್‌ಬಿಐನ ಹತ್ತು ಮೋಸ್ಟ್ ವಾಂಟೆಡ್ ಪಟ್ಟಿಯಲ್ಲಿ ಅವನ ಫೋಟೋ ವರ್ಷಗಟ್ಟಲೆ ಇತ್ತು. 1978ರಲ್ಲಿ ಒರೆಗಾನ್‌ನಲ್ಲಿ ಸಿಕ್ಕಾಗ ಅವನು ಬೇರೆ ಹೆಸರಿಟ್ಟುಕೊಂಡು ಊರವರ ನಡುವೆ ದೊಡ್ಡ ಮನುಷ್ಯನ ಹಾಗೆ ಬಿಂಗೋ ಆಟದ ಅಡ್ಡೆ ನಡೆಸುತ್ತಿದ್ದ. ಹೊರಗೆ ಒಂದು ವೇಷ, ಒಳಗೆ ಇನ್ನೊಂದು. ಈ ಮಾತು ಮುಂದೆ ಮಗನ ತನಿಖೆಯಲ್ಲೂ ಬರುತ್ತದೆ.

ಮಕ್ಕಳನ್ನು ತಾಯಿಯೇ ಸಾಕಿದಳು. ಸ್ಟೀಫನ್ ಲಾಸ್ ಏಂಜಲೀಸ್ ಕಡೆ ಬೆಳೆದ, ಅಲ್ಲೇ 1977ರಲ್ಲಿ ಬಿಸಿನೆಸ್ ಡಿಗ್ರಿ ಮುಗಿಸಿದ. ಅಂಚೆ ಬಟವಾಡೆ ಮಾಡಿದ, ಆಮೇಲೆ ತೆರಿಗೆ ಇಲಾಖೆಯಲ್ಲಿ ಏಜೆಂಟ್ ಆದ. ಮುಂದೆ ರಕ್ಷಣಾ ಇಲಾಖೆಯ ಗುತ್ತಿಗೆಗಳ ಲೆಕ್ಕ ತಪಾಸಣೆ ಮಾಡುವ ಆಡಿಟರ್. ಅಂದರೆ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಇವನ ಹೊಟ್ಟೆಪಾಡು. ಕೆಲಸ ಬಿಟ್ಟ ಮೇಲೆ ತಮ್ಮನ ಜೊತೆ ಸೇರಿ ಅಪಾರ್ಟ್‌ಮೆಂಟ್ ಕೊಂಡು, ಬಾಡಿಗೆಗೆ ಕೊಟ್ಟು, ಮಾರಿ ಚೆನ್ನಾಗಿ ದುಡ್ಡು ಮಾಡಿದ. ಎರಡು ಮದುವೆ, ಎರಡೂ ಡೈವೋರ್ಸ್. ಮಕ್ಕಳಿಲ್ಲ. ವಿಮಾನ ಓಡಿಸುವ ಲೈಸೆನ್ಸ್ ಕೂಡ ಇತ್ತು.

ಕೊನೆಗೆ ನೆಲೆಸಿದ್ದು ಲಾಸ್ ವೇಗಸ್‌ನಿಂದ ಸುಮಾರು 130 ಕಿ.ಮೀ. ದೂರದ ಮೆಸ್ಕೀಟ್ ಊರಲ್ಲಿ, ನಿವೃತ್ತರೇ ಜಾಸ್ತಿ ಇರುವ ಬಡಾವಣೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಕ್ಯಾಸಿನೊದಲ್ಲಿ ವಿಡಿಯೋ ಪೋಕರ್. ದೊಡ್ಡ ಮೊತ್ತ ಆಡುವ ಗಿರಾಕಿ ಆದ್ದರಿಂದ ಹೋಟೆಲಿನವರು ರೂಮನ್ನು ಫ್ರೀಯಾಗಿ ಕೊಡುತ್ತಿದ್ದರು. ಅಪರಾಧ ದಾಖಲೆ ಒಂದೂ ಇಲ್ಲ. ಆದರೆ ಕೊನೇ ಎರಡು ವರ್ಷದಲ್ಲಿ ದುಡ್ಡು ಕರಗಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಕೌಂಟ್‌ಗಳಲ್ಲಿ 21 ಲಕ್ಷ ಡಾಲರ್ ಇದ್ದದ್ದು ಎರಡು ವರ್ಷದಲ್ಲಿ 5.3 ಲಕ್ಷಕ್ಕೆ ಇಳಿದಿತ್ತು ಅಂತ ಪೊಲೀಸರ ವರದಿ.

ಬಿಲ್ ಎಲ್ಲಾ ಸರಿ, ಕೂಡಿಸಿದವರಿಲ್ಲ

1982ರಿಂದ 2016ರ ಸೆಪ್ಟೆಂಬರ್‌ವರೆಗೆ, ಅಂದರೆ 34 ವರ್ಷದಲ್ಲಿ ಇವನು ಕೊಂಡ ಬಂದೂಕು 29. ಅದರ ಮುಂದಿನ ಒಂದೇ ವರ್ಷದಲ್ಲಿ ಕೊಂಡಿದ್ದು 55ಕ್ಕೂ ಹೆಚ್ಚು, ಬಹುಪಾಲು ರೈಫಲ್. ನಾಲ್ಕಾರು ಅಂಗಡಿಗಳಲ್ಲಿ, ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿ ಕೊಂಡಿದ್ದ. ಪ್ರತಿ ಅಂಗಡಿಯವರೂ ಕಾನೂನಿನಂತೆ ಹಿನ್ನೆಲೆ ಚೆಕ್ ಮಾಡಿದ್ದಾರೆ, ಪ್ರತಿ ಸಲವೂ ಪಾಸ್. ಯಾರನ್ನೂ ತಪ್ಪು ಅನ್ನೋ ಹಾಗಿಲ್ಲ.

ತಮಾಷೆ ಅಂದರೆ, ಐದು ಕೆಲಸದ ದಿನದೊಳಗೆ ಒಂದೇ ಗಿರಾಕಿಗೆ ಎರಡು ಪಿಸ್ತೂಲು ಮಾರಿದರೆ ಅಂಗಡಿಯವನು ಕೇಂದ್ರ ಇಲಾಖೆಗೆ ವರದಿ ಕೊಡಲೇಬೇಕು. ರೈಫಲ್‌ಗೆ ಆ ನಿಯಮ ಇರುವುದು ಮೆಕ್ಸಿಕೋ ಗಡಿಯ ನಾಲ್ಕು ರಾಜ್ಯಗಳಲ್ಲಿ ಮಾತ್ರ. ನೆವಾಡಾ ಅದರಲ್ಲಿ ಇಲ್ಲ. ಹಾಗಾಗಿ 55 ಬಿಲ್ಲನ್ನು ಒಂದು ಕಡೆ ಇಟ್ಟು ಟೋಟಲ್ ಹಾಕುವವರು ಯಾರೂ ಇರಲಿಲ್ಲ.

ಹೋಟೆಲಿನಲ್ಲೂ ಅದೇ ಕಥೆ. ಸೆಪ್ಟೆಂಬರ್ 25ರಂದು ರೂಮ್ ಹಿಡಿದ. ನಂತರದ ದಿನಗಳಲ್ಲಿ 20ಕ್ಕೂ ಹೆಚ್ಚು ಸೂಟ್‌ಕೇಸ್, ಬ್ಯಾಗ್ ಮೇಲೆ ಹೋದವು. ಕೆಲವನ್ನು ಹೋಟೆಲಿನ ಹುಡುಗರೇ ಸರ್ವಿಸ್ ಲಿಫ್ಟ್‌ನಲ್ಲಿ ಸಾಗಿಸಿಕೊಟ್ಟರು. ಹಳೇ ಗಿರಾಕಿ, ಯಾರು ಕೇಳುತ್ತಾರೆ? ಒಳಗೆ 24 ಬಂದೂಕು ಇತ್ತು ಅಂತ ಗೊತ್ತಾಗಿದ್ದು ಆಮೇಲೆ. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಶಿಕಾಗೊದ ದೊಡ್ಡ ಸಂಗೀತ ಉತ್ಸವದ ಹೊತ್ತಿಗೆ ಪಕ್ಕದ ಹೋಟೆಲಿನಲ್ಲಿ ರೂಮ್ ಬುಕ್ ಮಾಡಿದ್ದ, ಹೋಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಇನ್ನೊಂದು ಉತ್ಸವದ ಹತ್ತಿರ ಮನೆ ಬಾಡಿಗೆಗೆ ಹಿಡಿದಿದ್ದ. ಗೆಳತಿಯನ್ನು ಫಿಲಿಪೈನ್ಸ್‌ಗೆ ಕಳಿಸಿ, ಹಿಂದೆಯೇ 1 ಲಕ್ಷ ಡಾಲರ್ ಹಾಕಿದ್ದ. ಆಕೆಯನ್ನು ವಿಚಾರಣೆ ಮಾಡಿದರು, ಯಾವ ಕೇಸೂ ಹಾಕಲಿಲ್ಲ.

ಆ ರಾತ್ರಿ 32ನೇ ಮಹಡಿಯ ಬಾಗಿಲಿನ ಅಲಾರಂ ನೋಡಲು ಹೋದ ಸೆಕ್ಯೂರಿಟಿ ಗಾರ್ಡ್ ಕಾಲಿಗೆ ಗುಂಡು ಬಿತ್ತು. 11.20ರ ಸುಮಾರಿಗೆ ಪೊಲೀಸರು ಬಾಗಿಲು ಒಡೆದು ನುಗ್ಗಿದಾಗ ಪ್ಯಾಡಾಕ್ ತಾನೇ ಗುಂಡು ಹೊಡೆದುಕೊಂಡು ಸತ್ತಿದ್ದ.

ಯಾಕೆ ಮಾಡಿದ?

ಪತ್ರ ಬರೆದಿಟ್ಟಿರಲಿಲ್ಲ, ವಿಡಿಯೋ ಮಾಡಿರಲಿಲ್ಲ. ಐಸಿಸ್ ಉಗ್ರರು ‘ನಮ್ಮವನೇ’ ಅಂದರು, ಎಫ್‌ಬಿಐಗೆ ಸಾಕ್ಷಿ ಸಿಗಲಿಲ್ಲ. ಮೆದುಳನ್ನು ಸ್ಟ್ಯಾನ್‌ಫರ್ಡ್‌ಗೆ ಕಳಿಸಿ ಪರೀಕ್ಷೆ ಮಾಡಿಸಿದರು, ಕೃತ್ಯಕ್ಕೆ ಕಾರಣ ಅನ್ನುವಂಥ ಕಾಯಿಲೆ ಕಾಣಲಿಲ್ಲ. 2018ರ ಆಗಸ್ಟ್‌ನಲ್ಲಿ ಲಾಸ್ ವೇಗಸ್ ಪೊಲೀಸರು ಕಾರಣ ಹೇಳದೆಯೇ ಫೈಲ್ ಮುಚ್ಚಿದರು. 2019ರ ಜನವರಿಯಲ್ಲಿ ಎಫ್‌ಬಿಐ ತಜ್ಞರು ಕೊಟ್ಟ ವರದಿಯಲ್ಲೂ ಇದೇ ಕಾರಣ ಅಂತ ಒಂದನ್ನು ಬೆರಳಿಟ್ಟು ತೋರಿಸಲಾಗಿಲ್ಲ. ವಯಸ್ಸಾಗಿ ಕುಗ್ಗುತ್ತಿದ್ದ, ತನ್ನ ಸಾವು ತನ್ನ ಕೈಯಲ್ಲೇ ಇರಬೇಕು, ಕೆಟ್ಟದ್ದಕ್ಕಾದರೂ ಹೆಸರಾಗಬೇಕು ಅನ್ನೋದು ಇತ್ತು, ಅಪ್ಪನ ನೆನಪೂ ಕೆಲಸ ಮಾಡಿರಬಹುದು ಅಂತ ಅವರ ಅಂದಾಜು.

ಆಮೇಲೆ ಆದದ್ದು

ಶಿಕ್ಷೆ ಕೊಡೋಣ ಅಂದರೆ ಆರೋಪಿಯೇ ಇಲ್ಲ. ಇವನಿಗೆ ಗುಂಡು ಮಾರಿದ್ದ ಅರಿಜೋನಾದ ಒಬ್ಬನಿಗೆ, ಲೈಸೆನ್ಸ್ ಇಲ್ಲದೆ ಕವಚ ಸೀಳುವ ಗುಂಡು ತಯಾರಿಸಿದ ತಪ್ಪಿಗೆ, 2020ರಲ್ಲಿ 13 ತಿಂಗಳು ಜೈಲಾಯಿತು. ಹತ್ಯೆಯ ಕೇಸಲ್ಲ ಅದು. ಹೋಟೆಲ್ ಮಾಲೀಕ ಕಂಪನಿ ಎಂಜಿಎಂ ತಪ್ಪು ಒಪ್ಪಿಕೊಳ್ಳದೆಯೇ 80 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ದುಡ್ಡು ಪಡೆದವರು 4 ಸಾವಿರಕ್ಕೂ ಹೆಚ್ಚು ಜನ.

ಪ್ಯಾಡಾಕ್‌ನ ರೈಫಲ್‌ಗಳಲ್ಲಿ ಹಲವಕ್ಕೆ ‘ಬಂಪ್ ಸ್ಟಾಕ್’ ಇತ್ತು, ಸಾಮಾನ್ಯ ರೈಫಲ್ ಮಶೀನ್ ಗನ್ ಹಾಗೆ ಹಾರಿಸುವಂತೆ ಮಾಡುವ ಜೋಡಣೆ. ಟ್ರಂಪ್ ಸರ್ಕಾರ ಇದನ್ನು ನಿಷೇಧಿಸಿತು, 2019ರ ಮಾರ್ಚ್‌ನಿಂದ ಜಾರಿಗೆ ಬಂತು. 2024ರ ಜೂನ್ 14ರಂದು ಸುಪ್ರೀಂ ಕೋರ್ಟ್ 6-3ರ ತೀರ್ಪಿನಲ್ಲಿ ಆ ನಿಷೇಧವನ್ನು ರದ್ದು ಮಾಡಿತು. ಕಾನೂನಿನ ಮಾತಿನ ಪ್ರಕಾರ ಅದು ಮಶೀನ್ ಗನ್ ಅಲ್ಲ ಅಂತ ಕಾರಣ.

ಪೇಟೆಯ ಒಂದು ಖಾಲಿ ಜಾಗದಲ್ಲಿ ಸ್ವಯಂಸೇವಕರು ಘಟನೆ ಆದ ಕೆಲವೇ ದಿನದಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದೊಂದು ಗಿಡ ನೆಟ್ಟು ತೋಟ ಮಾಡಿದ್ದಾರೆ. ಹೋಟೆಲಿನವರು 31ರಿಂದ 34ನೇ ಮಹಡಿಗಳ ನಂಬರನ್ನು 2018ರಲ್ಲಿ ಬದಲಿಸಿ 56ರಿಂದ 59 ಅಂತ ಮಾಡಿದರು. ಮ್ಯಾಂಡಲೇ ಬೇಗೆ ಈಗ ಹೋದವರಿಗೆ ಅಲ್ಲಿ 32ನೇ ಮಹಡಿ ಅಂತ ಒಂದು ಇಲ್ಲ.